ಕಮ್ಮಟಕ್ಕೆ ಒಯ್ಯುವ ಲೋಹ

ಪ್ರವಾಸ ಕಥನ, ನೆನಪುಗಳ ಬರವಣಿಗೆ ಕಲಿಸುವ ಕಮ್ಮಟಗಳು ಈಗ ಅಲ್ಲಲ್ಲಿ ನಡೆಯುತ್ತವೆ. ಕಮ್ಮಟವೆಂದರೆ ಹಳಗನ್ನಡದಲ್ಲಿ ನಾಣ್ಯ ಅಚ್ಚುಹಾಕುವ ಟಂಕಸಾಲೆ. ನಮ್ಮ ಚೆನ್ನೈಯ ಮಿಂಟ್ ಸ್ಟ್ರೀಟಿನಲ್ಲೂ ಹಿಂದೆ ಅಂಥದೊಂದಿತ್ತು. ಟಂಕಸಾಲೆ ಅಚ್ಚು ಒತ್ತಬಲ್ಲದು. ಲೋಹವನ್ನು ನಾವೇ ಒಯ್ಯಬೇಕು.

ಆ ಲೋಹವನ್ನು ನಮ್ಮ ಹಿರಿಯರು ಎಲ್ಲಿ ಗಳಿಸಿದರು? ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ 'ಹಳ್ಳಿಯ ಚಿತ್ರಗಳು' ಬಂದದ್ದು 1930ರಲ್ಲಿ. ಎಪ್ಪತ್ತು ದಾಟಿದ ಮೇಲೆ ಅಮೆರಿಕಕ್ಕೆ ಹೋದಾಗಲೂ ಹೇಮಾವತಿ ದಡದ ಆ ಕಣ್ಣನ್ನೇ ಅವರು ಕೊಂಡೊಯ್ದರು. 'ಅಮೆರಿಕದಲ್ಲಿ ಗೊರೂರು' ಕೃತಿಗೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಶಿವರಾಮ ಕಾರಂತರೂ ಯುರೋಪನ್ನು ಕಂಡು 'ಅಪೂರ್ವ ಪಶ್ಚಿಮ' ಬರೆಯುವ ಮೊದಲೇ, ತಮ್ಮ ಬಾಳನ್ನೇ ನೋಡಿಕೊಂಡು 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಬರೆದಿದ್ದರು.

ನಾನು ಕೇಂದ್ರ ಸರ್ಕಾರದ ಗುಮಾಸ್ತ. ಟೂರಿಗೆ ಹೋದಾಗಲೆಲ್ಲ ಟಿ.ಎ. ಬಿಲ್ಲಿನಲ್ಲಿ ಹೊರಟ ಹೊತ್ತು, ತಲುಪಿದ ಹೊತ್ತು ತಪ್ಪದೆ ಬರೆದಿದ್ದೇನೆ. ನಡುವೆ ಕಂಡದ್ದನ್ನು ಬರೆದಿಲ್ಲ.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿದ್ದವು. ಓದಿಗೆ, ನೌಕರಿಗೆ, ಹೈಕೋರ್ಟಿನ ವ್ಯಾಜ್ಯಕ್ಕೆ ಅಲ್ಲಿಯವರು ಈ ಊರಿಗೆ ಬರುತ್ತಿದ್ದರು. ನಮ್ಮ ತಾತನವರೂ ಬಳ್ಳಾರಿಯಿಂದ ಹಾಗೆ ಬಂದವರೇ. ಮೊದಲ ರಾತ್ರಿ ಎಲ್ಲಿ ತಂಗಿದರು, ಏನು ಉಂಡರು, ತಮಿಳು ಬಾರದೆ ದಾರಿ ಹೇಗೆ ಕೇಳಿದರು? ನಾನು ವಿಚಾರಿಸಲೇ ಇಲ್ಲ. ಈಗ ಹೇಳಲು ಅವರಿಲ್ಲ.

ಟಿ. ನಗರದ ಎಷ್ಟೋ ಕನ್ನಡ ಮನೆಗಳಲ್ಲಿ ಇಂಥ ನೆನಪುಗಳಿನ್ನೂ ಉಳಿದಿವೆ. ವಾಚಕರು ಈ ಭಾನುವಾರವೇ ಹಿರಿಯರ ಪಕ್ಕದಲ್ಲಿ ಕುಳಿತು ಕೇಳಿ, ಬರೆದಿಡಬೇಕು. ಕಮ್ಮಟಕ್ಕೆ ಆಮೇಲೆ ಹೋಗೋಣ.