ಸನ್ನೆಗೆ ಬಾಗಿಲು ಮುಚ್ಚಿದ ಮಿಲಾನ್

ಕಿವುಡ ಮಕ್ಕಳಿಗೆ ಪಾಠ ಹೇಳಬೇಕಾದದ್ದು ಸನ್ನೆಯಲ್ಲೋ, ಬಾಯಿಮಾತಿನಲ್ಲೋ? 1880ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ್ದ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನ ಈ ಪ್ರಶ್ನೆಯನ್ನು ಮತಕ್ಕೆ ಹಾಕಿತು. ಬಾಯಿಮಾತೇ ಮೇಲು, ಸನ್ನೆ ಬೇಡ ಎಂಬ ನಿರ್ಣಯ ಭಾರಿ ಬಹುಮತದಿಂದ ಅಂಗೀಕಾರವಾಯಿತು. ವಿರೋಧಿಸಿದವರು ಅಮೆರಿಕ, ಬ್ರಿಟನ್‌ಗಳ ಬೆರಳೆಣಿಕೆಯ ಪ್ರತಿನಿಧಿಗಳು ಮಾತ್ರ. ಸೋಜಿಗವೆಂದರೆ, 160ಕ್ಕೂ ಹೆಚ್ಚು ಪ್ರತಿನಿಧಿಗಳಲ್ಲಿ ಸ್ವತಃ ಕಿವುಡರಾಗಿದ್ದವರು ಒಬ್ಬರೇ, ಅಮೆರಿಕದ ಜೇಮ್ಸ್ ಡೆನಿಸನ್.

ಸನ್ನೆಯಿಂದ ವಿದ್ಯೆ ಹತ್ತದು ಎನ್ನಲು ಆಧಾರವೇನೂ ಇರಲಿಲ್ಲ. 18ನೇ ಶತಮಾನದಲ್ಲೇ ಪಾದ್ರಿ ದ ಲೆಪೆ ಪ್ಯಾರಿಸ್‌ನಲ್ಲಿ ಸನ್ನೆಯ ಮೂಲಕ ಕಲಿಸುವ ಶಾಲೆ ತೆರೆದಿದ್ದರು. ಅಲ್ಲಿ ಓದಿ ಅಲ್ಲೇ ಮೇಷ್ಟರಾದ ಕಿವುಡ ಲೊರಾನ್ ಕ್ಲೇರ್, 1817ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಶಾಲೆ ಕಟ್ಟಲು ನೆರವಾದರು.

ಮಿಲಾನ್ ನಂತರ ಇಂಥ ಮೇಷ್ಟರಿಗೆ ಕೆಲಸವಿಲ್ಲದಾಯಿತು. ಕೇಳಿಸದ ಸ್ವರವನ್ನು ಉಚ್ಚರಿಸುವ ಅಭ್ಯಾಸದಲ್ಲೇ ಮಕ್ಕಳ ದಿನ ಕಳೆಯಿತು. ಲೆಕ್ಕ, ಚರಿತ್ರೆಗೆ ಸಮಯ ಉಳಿಯಲಿಲ್ಲ. ಸನ್ನೆ ಮಾಡಿದರೆ ಶಿಕ್ಷೆ. ಆದರೂ ಮೇಷ್ಟರ ಕಣ್ಣು ತಪ್ಪಿಸಿ, ಹಾಸ್ಟೆಲಿನಲ್ಲಿ, ದೊಡ್ಡವರಿಂದ ಚಿಕ್ಕವರಿಗೆ ಆ ಭಾಷೆ ದಾಟುತ್ತಲೇ ಇತ್ತು. ಅದಕ್ಕೂ ವ್ಯಾಕರಣವಿದೆ ಎಂದು ವಿಲಿಯಂ ಸ್ಟೋಕಿ 1960ರಲ್ಲಿ ತೋರಿಸಿಕೊಟ್ಟರು. ಅದೇ ಸಮ್ಮೇಳನ ವ್ಯಾಂಕೂವರ್‌ನಲ್ಲಿ ಮಿಲಾನ್ ನಿರ್ಣಯಗಳನ್ನು ತಳ್ಳಿಹಾಕಿ ವಿಷಾದಿಸಿದ್ದು 2010ರಲ್ಲಿ, ಅಂದರೆ 130 ವರ್ಷಗಳ ಬಳಿಕ!

ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಕಿವುಡ ಮಕ್ಕಳಿಗೆ ಅವರಿಗೆ ಹೊಂದುವ ಭಾಷೆಯಲ್ಲೇ ಶಿಕ್ಷಣ ಸಿಗಬೇಕೆನ್ನುತ್ತದೆ. ಸನ್ನೆ ಭಾಷೆ ಬಲ್ಲ ಶಿಕ್ಷಕರನ್ನು, ಅಂಗವಿಕಲ ಶಿಕ್ಷಕರನ್ನೂ ಒಳಗೊಂಡಂತೆ, ನೇಮಿಸಬೇಕೆಂದೂ ಅದರಲ್ಲಿದೆ.