ಸೈಕಲ್ ಡಿಸ್ಕ್ ಬ್ರೇಕ್ ರೋಟರಿನ ಶಾಖವರ್ಣ

ಸೈಕಲ್ಲಿನ ಡಿಸ್ಕ್ ಬ್ರೇಕ್ ರೋಟರ್ ಅತಿಯಾಗಿ ಕಾದಾಗ ಅದರ ಸ್ಟೇನ್‌ಲೆಸ್ ಸ್ಟೀಲ್ ಮೈಮೇಲೆ ಹಳದಿ, ಕಂದು, ನೇರಳೆ, ನೀಲಿ ಛಾಯೆಗಳು ಮೂಡುತ್ತವೆ. ಕಾದ ಲೋಹದ ಮೇಲೆ ತೆಳುವಾದ ಆಕ್ಸೈಡ್ ಪೊರೆ ಕಟ್ಟುತ್ತದೆ. ಪೊರೆಯ ಮೇಲ್ಮೈಯಿಂದ ಒಂದಷ್ಟು, ತಳದಿಂದ ಒಂದಷ್ಟು ಬೆಳಕು ಹಿಂದಿರುಗಿ ಬೆರೆತಾಗ ಈ ಬಣ್ಣ ಕಾಣುತ್ತದೆ. ಪೊರೆ ದಪ್ಪವಾದಂತೆ ಬಣ್ಣವೂ ಬದಲಾಗುತ್ತದೆ. ಛಾಯೆ ಎದ್ದು ಕಾಣುವುದು ರೋಟರಿನ ಒಳಗಡ್ಡಿಗಳ ತುದಿಯಲ್ಲಿ. ಪ್ಯಾಡ್ ಉಜ್ಜುವ ಪಟ್ಟಿಯ ಮೇಲೆ ಪೊರೆ ಕಟ್ಟಿದರೂ ಪ್ಯಾಡೇ ಅದನ್ನು ತೇಯ್ದುಬಿಡುತ್ತದೆ.

ಕಮ್ಮಾರರು ಉಳಿ, ಕತ್ತಿಗಳ ಹದವನ್ನು ಶತಮಾನಗಳಿಂದ ಇಂಥ ಬಣ್ಣ ನೋಡಿಯೇ ಹಿಡಿಯುತ್ತ ಬಂದಿದ್ದಾರೆ. ಆ ಸಾದಾ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೇ ನೀಲಿಯಾಗುತ್ತದೆ. ಕ್ರೋಮಿಯಂ ಇರುವ ಸ್ಟೇನ್‌ಲೆಸ್ ಸ್ಟೀಲ್ ನೀಲಿಯಾಗಲು 500 ಡಿಗ್ರಿ ದಾಟಬೇಕು. ಹಾಗಾಗಿ ಕಮ್ಮಾರಸಾಲೆಯ ಲೆಕ್ಕದಿಂದ ರೋಟರನ್ನು ಅಳೆದರೆ ಅದು ಕಂಡ ಶಾಖವನ್ನು ತೀರಾ ಕಡಿಮೆ ಅಂದಾಜು ಮಾಡಿದಂತಾಗುತ್ತದೆ.

ಗುಡ್ಡದ ಸೈಕಲ್ ಸವಾರರಿಗೆ ಬ್ರೇಕಿನ ಶಾಖ ಮೊದಲಿನಿಂದಲೂ ತಲೆನೋವೇ. 1976ರಲ್ಲಿ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಬಳಿ ಶುರುವಾದ ಇಳಿಜಾರು ಪಂದ್ಯಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂದದ್ದೇ ಇದರಿಂದ. ಒಮ್ಮೆ ಇಳಿದರೆ ಹಿಂದಿನ ಹಬ್ಬಿನೊಳಗಿನ ಕೋಸ್ಟರ್ ಬ್ರೇಕಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಹಬ್ಬು ಬಿಚ್ಚಿ ಹೊಸ ಗ್ರೀಸು ತುಂಬಬೇಕಿತ್ತು. ಮುಂದೆ ರಿಮ್ ಬ್ರೇಕುಗಳು ಶಾಖವನ್ನು ಚಕ್ರದ ಅಂಚಿಗೆ ಹರಡಿದವು.

1990ರ ದಶಕದಲ್ಲಿ ಹೇಯ್ಸ್, ಹೋಪ್ ಮೊದಲಾದ ಕಂಪನಿಗಳ ಡಿಸ್ಕ್ ಬ್ರೇಕುಗಳು ಮೌಂಟನ್ ಬೈಕುಗಳಿಗೆ ಬಂದ ಮೇಲೆ, ಅಷ್ಟೂ ಶಾಖ ಎರಡು ಮಿಲಿಮೀಟರಿನಷ್ಟೂ ದಪ್ಪವಿಲ್ಲದ ತಟ್ಟೆಯ ಪಾಲಾಯಿತು. ಸೈಕಲ್ ಸೇರಿ 100 ಕೆ.ಜಿ. ತೂಗುವ ಸವಾರ 500 ಮೀಟರ್ ಎತ್ತರದಿಂದ ಇಳಿದರೆ ಸುಮಾರು 490 ಕಿಲೋಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. 100 ಗ್ರಾಂ ಉಕ್ಕಿನ ಬಿಸಿಯನ್ನು 300 ಡಿಗ್ರಿ ಏರಿಸಲು 15 ಕಿಲೋಜೂಲ್ ಸಾಕು. ಬ್ರೇಕನ್ನು ಬಿಡದೆ ಹಿಡಿದು ನಿಧಾನವಾಗಿ ಇಳಿಯುವವರ ರೋಟರೇ ಹೆಚ್ಚು ನೀಲಿಯಾಗುವುದು ಈ ಕಾರಣಕ್ಕೆ: ವೇಗವಾಗಿ ಹೋಗುವಾಗ ಗಾಳಿಯ ತಡೆ ತಾನೇ ಹೊರುವ ಭಾರವನ್ನೂ ಇಲ್ಲಿ ಬ್ರೇಕೇ ಹೊರುತ್ತದೆ. ಹಿಡಿದು, ಬಿಟ್ಟು, ಮತ್ತೆ ಹಿಡಿಯುವುದೇ ಒಳ್ಳೆಯ ಅಭ್ಯಾಸ.

ತಯಾರಕರು ರೋಟರಿನ ವ್ಯಾಸವನ್ನು 160ರಿಂದ 180, 203 ಮಿ.ಮೀ.ಗೆ ಏರಿಸಿದರು. ಜಪಾನಿನ ಶಿಮಾನೊ ತನ್ನ ‘ಐಸ್ ಟೆಕ್’ ರೋಟರಿನಲ್ಲಿ ಉಕ್ಕಿನ ಎರಡು ಪದರಗಳ ನಡುವೆ ಶಾಖವನ್ನು ಬೇಗ ಸಾಗಿಸುವ ಅಲ್ಯೂಮಿನಿಯಂ ಇಟ್ಟಿತು. ಅಲ್ಯೂಮಿನಿಯಂ ಸುಮಾರು 660 ಡಿಗ್ರಿಗೆ ಕರಗುತ್ತದೆ. ಇಂಥ ರೋಟರ್ ಕಡುನೀಲಿಯಾಗಿದ್ದರೆ ಉದಾಸೀನ ಸಲ್ಲದು.

ಬಣ್ಣ ಬಂದ ಮಾತ್ರಕ್ಕೆ ರೋಟರನ್ನು ಎಸೆಯಬೇಕಿಲ್ಲ. ಚಕ್ರ ತಿರುಗಿಸಿ ಅದು ಸೊಟ್ಟಗಾಗಿದೆಯೇ, ಪ್ಯಾಡಿನ ಮೈ ಗಾಜಿನಂತೆ ನುಣುಪಾಗಿದೆಯೇ ಎಂದು ನೋಡಬೇಕು. 1.8 ಮಿ.ಮೀ. ದಪ್ಪದ ಶಿಮಾನೊ ರೋಟರ್ ಸವೆದು 1.5 ಮಿ.ಮೀ.ಗೆ ಇಳಿದಿದ್ದರೆ, ಬಣ್ಣ ಹೇಗೇ ಇರಲಿ, ಬದಲಾಯಿಸಬೇಕು.