ಜರಿಪಟ್ಕಾದ ಮನೆಗಳು ಮತ್ತು ಒಂದು ಖಾತೆ

1996ರಲ್ಲಿ ಗದಗದಿಂದ ನಾಗಪುರಕ್ಕೆ ವರ್ಗವಾಗಿ ಬಂದಾಗ ನನ್ನ ಕೈಯಲ್ಲಿದ್ದದ್ದು ಒಂದು ಟ್ರಂಕು, ಒಂದು ವರ್ಗಾವಣೆ ಪತ್ರ. ಆ ಪತ್ರ ತೋರಿಸಿದ್ದಕ್ಕೇ ವಾರದೊಳಗೆ ಬಾಡಿಗೆ ಮನೆ ಸಿಕ್ಕಿತು. ನಮ್ಮಂಥ ವಲಸಿಗರಿಗೆ ಕಾಗದದ ಬೆಲೆ ಗೊತ್ತಾಗುವುದೇ ಇಲ್ಲ ನೋಡಿ!

ಇಲ್ಲಿನ ಜರಿಪಟ್ಕಾ ಬಡಾವಣೆ ಬೆಳೆದದ್ದು ದೇಶವಿಭಜನೆಯಲ್ಲಿ ಸಿಂಧ್ ಬಿಟ್ಟು ಬಂದವರಿಂದ. ಆಗಿನ ಸರ್ಕಾರ ಅವರನ್ನು ನಿರಾಶ್ರಿತರೆಂದು ಕರೆಯಿತು, ವಿದೇಶಿಯರೆಂದು ಕಾಣಲಿಲ್ಲ. 1947ರಲ್ಲೇ ಪುನರ್ವಸತಿಗೆಂದು ಸಚಿವಾಲಯ ಬಂತು. ಸಂವಿಧಾನದ 6ನೇ ವಿಧಿಯಂತೆ, 1948ರ ಜುಲೈ 19ಕ್ಕೆ ಮೊದಲು ಬಂದು ಇಲ್ಲೇ ನೆಲೆಸಿದವರು ತಾವಾಗಿಯೇ ನಾಗರಿಕರು. ಆಮೇಲೆ ಬಂದವರು ಆರು ತಿಂಗಳು ವಾಸವಿದ್ದು ಹೆಸರು ನೋಂದಾಯಿಸಬೇಕಿತ್ತು. ಬಿಟ್ಟು ಬಂದ ಆಸ್ತಿಗೆ ಪರಿಹಾರ ಕೊಡಲು 1954ರಲ್ಲಿ ಕಾಯ್ದೆಯೂ ಆಯಿತು. ಸೂರಿಗೂ ಪೌರತ್ವಕ್ಕೂ ಒಟ್ಟಿಗೇ ದಾರಿ ಮಾಡಿದ್ದರು.

ನಮ್ಮ ಬೈಲಕುಪ್ಪೆಯ ಕತೆ ಬೇರೆ. 1960ರಲ್ಲಿ ಅಂದಿನ ಮೈಸೂರು ಸರ್ಕಾರ ಟಿಬೆಟಿನವರಿಗೆ ಸುಮಾರು 3,000 ಎಕರೆ ಕೊಟ್ಟಿತು. ನೆಲ ಸಿಕ್ಕಿತು, ಜೊತೆಗೆ ಆಗಾಗ ನವೀಕರಿಸಬೇಕಾದ ವಿದೇಶಿಯರ ನೋಂದಣಿ ಪತ್ರ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಕಾನೂನೂ ಇಲ್ಲ. ಹಾಗಾಗಿ ಬಂದವರು ಯಾರು, ಯಾವಾಗ ಬಂದರು ಎಂಬುದರ ಮೇಲೆ ಎಲ್ಲ ನಿಂತಿದೆ.

ದಶಕಗಳ ನಂತರ ಅದೇ ಸಿಂಧ್‌ನಿಂದ ಜರಿಪಟ್ಕಾದ ನೆಂಟರ ಮನೆಗೆ ಬಂದ ಹಿಂದೂಗಳಿಗೆ ಸರ್ಕಾರದ ಸೂರಿಲ್ಲ. ದೀರ್ಘಾವಧಿ ವೀಸಾ, ಅದರ ನವೀಕರಣ, ಆಮೇಲೆ ಪೌರತ್ವದ ಅರ್ಜಿ. 2014ರ ಸುಮಾರಿಗೆ ಅಂಥ ಒಬ್ಬ ಯುವಕ ನನ್ನ ಮೇಜಿನ ಮುಂದೆ ಕೂತಿದ್ದ. ಬಟ್ಟೆಯಂಗಡಿ ಕೆಲಸ. "ಮನೆ ಕೊಡಿಸಲಿಕ್ಕೆ ಮಾಲೀಕರು ಬ್ಯಾಂಕ್ ಪಾಸ್‌ಬುಕ್ ಕೇಳ್ತಾರೆ ಸಾಬ್" ಎಂದ. ಪಾಸ್‌ಪೋರ್ಟ್ ಪಾಕಿಸ್ತಾನದ್ದು. ರಿಸರ್ವ್ ಬ್ಯಾಂಕಿನ ಅನುಮತಿ ಬೇಕು ಎಂದು ವಾಪಸ್ ಕಳಿಸಿದೆ. ನಿಯಮ ಅದೇ ಇತ್ತು. ಆದರೆ ಆ ಅನುಮತಿಗೆ ಅರ್ಜಿ ಹೇಗೆ ಹಾಕಬೇಕೆಂದು ನಾನು ಹೇಳಲಿಲ್ಲ. ಊಟದ ಹೊತ್ತಾಗಿತ್ತು.

2016ರ ಡಿಸೆಂಬರಿನಲ್ಲಿ ಪೌರತ್ವ ಕೊಡುವ ಅಧಿಕಾರ ನಾಗಪುರ ಸೇರಿ 16 ಜಿಲ್ಲೆಗಳ ಕಲೆಕ್ಟರುಗಳಿಗೆ ಬಂತು. 2019ರ ತಿದ್ದುಪಡಿ ಕಾಯ್ದೆ, 2014ರ ಡಿಸೆಂಬರ್ 31ರೊಳಗೆ ಬಂದವರಿಗೆ 11 ವರ್ಷದ ಕಾಯುವಿಕೆಯನ್ನು 5ಕ್ಕೆ ಇಳಿಸಿತು. ಅದರ ನಿಯಮಗಳು ಬಂದದ್ದು ಮಾತ್ರ 2024ರ ಮಾರ್ಚ್ 11ಕ್ಕೆ. ಅದೂ ಆರು ಧರ್ಮದವರಿಗೆ. ಅಲ್ಲಿಂದಲೇ ಜೀವ ಹಿಡಿದು ಬರುವ ಅಹಮದಿಯಾನಿಗೆ ಈ ಬಾಗಿಲಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

2018ರಲ್ಲಿ ರಿಸರ್ವ್ ಬ್ಯಾಂಕಿನ ನಿಯಮವೂ ಸಡಿಲವಾಯಿತು. ಆ ಆರು ಧರ್ಮಗಳ ದೀರ್ಘಾವಧಿ ವೀಸಾದಾರರು ವಾಸಕ್ಕೆ ಒಂದು ಮನೆ ಕೊಳ್ಳಬಹುದು, ಒಂದು ಎನ್‌ಆರ್‌ಓ ಖಾತೆ ತೆರೆಯಬಹುದು. ಸುತ್ತೋಲೆ ಓದಿದ ದಿನ ಆ ಹುಡುಗನ ನೆನಪಾಯಿತು. ಕರೆಸೋಣವೆಂದರೆ, ಅವನ ವಿಳಾಸ ನಾನು ಬರೆದಿಟ್ಟುಕೊಂಡಿರಲಿಲ್ಲ.